ಇನ್ಶೂರೆನ್ಸ್ ಸರ್ವೇಯರ್ ಆಗೋದು ಹೇಗೆ?

ಅಪಘಾತದ ಕಾರು ಗ್ಯಾರೇಜಿಗೆ ಬಂದಾಗ ಕ್ಯಾಮೆರಾ ಹಿಡಿದು ನಷ್ಟ ಅಂದಾಜು ಮಾಡೋಕೆ ಬರ್ತಾರಲ್ಲ, ಅವರೇ ಸರ್ವೇಯರ್. ಅವರಿಗೆ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಲೈಸೆನ್ಸ್ ಬೇಕು.

ಮೊದಲು ನಿಮ್ಮ ಓದು ಯಾವ ವಿಭಾಗಕ್ಕೆ ಹೊಂದುತ್ತೆ ನೋಡಿ. ಮೋಟಾರ್‌ಗೆ ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್ ಓದಿದವರಿಗೆ ದಾರಿ ಸಲೀಸು, ಬೆಂಕಿ, ಸರಕು ಸಾಗಣೆ, ಎಂಜಿನಿಯರಿಂಗ್ ವಿಭಾಗಗಳೂ ಇವೆ. ಆಮೇಲೆ ಸರ್ವೇಯರ್‌ಗಳ ಸಂಸ್ಥೆಯಾದ ಹೈದರಾಬಾದಿನ ಐಐಐಎಸ್‌ಎಲ್‌ಎಯಲ್ಲಿ ವಿದ್ಯಾರ್ಥಿ ಸದಸ್ಯರಾಗಿ, ಲೈಸೆನ್ಸ್ ಇರುವ ಸರ್ವೇಯರ್ ಕೈಕೆಳಗೆ ತರಬೇತಿ ಪಡೆಯಬೇಕು. ಇದನ್ನು ಸುಮ್ನೆ ಸಹಿ ಹಾಕಿಸಿಕೊಳ್ಳೋ ಕೆಲಸ ಅಂದ್ಕೋಬೇಡಿ: ಯಾವ ಭಾಗ ರಿಪೇರಿ ಆಗುತ್ತೆ, ಯಾವುದು ಬದಲಿಸಬೇಕು, ಸವಕಳಿ ಎಷ್ಟು ಕಳೆಯಬೇಕು, ಗ್ಯಾರೇಜಿನ ಎಸ್ಟಿಮೇಟಲ್ಲಿ ಹಳೇ ಡೆಂಟ್ ಹೇಗೆ ನುಸುಳುತ್ತೆ, ಇದೆಲ್ಲ ಕಲಿಯೋದು ಅಲ್ಲೇ.

ಪರೀಕ್ಷೆ ನಡೆಸೋದು ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ. ಪಾಸಾದ್ಮೇಲೆ ಐಆರ್‌ಡಿಎಐಗೆ ಅರ್ಜಿ ಹಾಕಿ. 2015ರ ನಿಯಮಗಳ ಪ್ರಕಾರ ಲೈಸೆನ್ಸ್ 3 ವರ್ಷಕ್ಕೆ ಸಿಗುತ್ತೆ, ಆಮೇಲೆ ನವೀಕರಿಸಬೇಕು.