ರೊಟ್ಟಿ ಬಡಿಯುವ ಕೈಗೇ ಮಾತು

ನಾನು ಮದುವೆಯಾಗಿ ಹಳೇ ಹುಬ್ಬಳ್ಳಿಯ ಮನೆಗೆ ಬಂದಾಗ ಊಟಕ್ಕೆ ಕೂರುವವರು ಹನ್ನೊಂದು ಮಂದಿ. ದಿನಾ ಬೆಳಿಗ್ಗೆ ಮಾವನವರು ಚಹಾ ಕುಡಿಯುತ್ತಾ ಅವತ್ತಿನ ಅಡುಗೆ ಹೇಳುತ್ತಿದ್ದರು. ಇವತ್ತು ಎಣ್ಣೆಗಾಯಿ, ಇವತ್ತು ಜುಣಕ, ಇವತ್ತು ಬಿಸಿ ರೊಟ್ಟಿ. ಅವರು ಒಂದು ದಿನವೂ ಒಲೆ ಮುಂದೆ ಕೂತವರಲ್ಲ. ಒಂದು ಬೇಸಿಗೆ ಅತ್ತೆಗೆ ಜ್ವರ ಬಂತು, ನೆಗೆಣ್ಣಿ ಹೆರಿಗೆಗೆ ತವರಿಗೆ ಹೋಗಿದ್ದಳು, ನಾನೊಬ್ಬಳೇ. ಅವತ್ತೂ ಎಣ್ಣೆಗಾಯಿ ರೊಟ್ಟಿ ಎಂದರು. ಮಲಗಿದ್ದಲ್ಲಿಂದಲೇ ಅತ್ತೆ, “ರೊಟ್ಟಿ ಬಡಿಯೋ ಕೈ ಆಕೀದು. ಏನ್ ಮಾಡ್ತಾಳ, ಆಕಿನ್ನ ಕೇಳ್ರಿ” ಅಂದರು. ಮಾವ ಏನೂ ಅನ್ನಲಿಲ್ಲ. ಅವತ್ತು ಮನೆಯಲ್ಲಿ ಅನ್ನ ಸಾರು ಆಯಿತು, ಎಲ್ಲರೂ ಉಂಡರು, ಯಾರೂ ಉಪವಾಸ ಬೀಳಲಿಲ್ಲ.

ಆ ಒಂದು ಮಾತಿನ ಮೇಲೆ ನಾನು ನಲವತ್ತು ವರ್ಷಕ್ಕೂ ಜಾಸ್ತಿ ಸಂಸಾರ ಮಾಡಿದ್ದೇನೆ. ಕೆಲಸ ಯಾರ ಕೈಗೆ ಬೀಳುತ್ತದೋ ಕೊನೇ ಮಾತು ಅವರದ್ದು. ಉಳಿದವರು ಹೇಳಬಹುದು, ಕೇಳಬಹುದು, ಮುಖ ಊದಿಸಿಕೊಳ್ಳಬಹುದು. ತೀರ್ಮಾನ ಮಾತ್ರ ಅವರದ್ದಲ್ಲ.

ಅಡುಗೆ ವಿಷಯಕ್ಕೇ ಬರೋಣ, ದಿನಾ ತಲೆ ತಿನ್ನುವುದು ಅದೇ ಅಲ್ವಾ? ನಾಳೆ ಏನು ಎನ್ನುವುದನ್ನು ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ನಿರ್ಧಾರ ಮಾಡಿ. ಬೆಳಿಗ್ಗೆ ಏಳಕ್ಕೆ ನಿಂತು ಯೋಚಿಸಿದರೆ ಉಪ್ಪಿಟ್ಟೇ ಗತಿ. ಮಡಿಕೆ ಕಾಳು ರಾತ್ರಿ ನೆನೆ ಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೇ ದಿನಕ್ಕೆ ಮೊಳಕೆ ಒಡೆದಿರುತ್ತದೆ. ಒಂದು ದಿನದ ಪಲ್ಯದ ಚಿಂತೆ ಹೋಯಿತು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಡಬ್ಬಿಯಲ್ಲಿ ಇದ್ದರೆ ಪಲ್ಯ ಇಲ್ಲದ ದಿನವೂ ಊಟ ನಡೆಯುತ್ತದೆ. ಖಡಕ್ ರೊಟ್ಟಿ ಒಂದೇ ದಿನ ಕೂತು ಮಾಡಿಟ್ಟರೆ ವಾರಗಟ್ಟಲೆ ಬರುತ್ತದೆ, ಅಡಚಣೆ ಬಿದ್ದ ದಿನ ಅದೇ ಕೈ ಹಿಡಿಯುತ್ತದೆ.

ಜೋಳ ಬೀಸಿಸುವಾಗ ಒಂದು ತಿಂಗಳದ್ದು ಒಮ್ಮೆಲೇ ಬೀಸಿಸಬೇಡಿ. ಗಿರಣಿಗೆ ಎರಡು ಸಲ ಹೋದರೂ ಪರವಾಗಿಲ್ಲ, ಹತ್ತು ಹದಿನೈದು ದಿನಕ್ಕೆ ಸಾಕಾಗುವಷ್ಟು ಸಾಕು. ಹಿಟ್ಟು ಹಳೆಯದಾದಷ್ಟೂ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಬಿರಿಯುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ನಾವು ಕುದಿಯುವ ಎಸರು ಹಾಕಿ ನಾದುವುದು. ಬಿಸಿ ನೀರಿಗೆ ಹಿಟ್ಟು ಅರ್ಧ ಬೆಂದು ಹಿಡಿತ ಬರುತ್ತದೆ. ನವಲಗುಂದ, ಅಣ್ಣಿಗೇರಿ ಕಡೆ ಎರೆಹೊಲದ ಹಿಂಗಾರಿ ಬಿಳಿಜೋಳ ಸಿಕ್ಕರೆ ಅರ್ಧ ಕೆಲಸ ಜೋಳವೇ ಮಾಡಿಕೊಡುತ್ತದೆ. ಹೊಸ ಸೊಸೆಯಂದಿರು ರೊಟ್ಟಿ ಹರಿಯಿತು ಎಂದು ಅಳುತ್ತಾರೆ. ಎಷ್ಟೋ ಸಲ ತಪ್ಪು ಕೈಯದ್ದಲ್ಲ, ಹಿಟ್ಟಿನದ್ದು.

ನೀರಿನ ಕಥೆ ಬೇರೆ. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಿದ್ದ ಕಾಲ ಅದು. ನಳದಲ್ಲಿ ಗಾಳಿ ಸುಂಯ್ ಎಂದರೆ ಸಾಕು, ರಾತ್ರಿ ಎರಡಾದರೂ ಎದ್ದು ಕೂರುತ್ತಿದ್ದೆವು. ನನಗೆ ದೊಡ್ಡ ನೀಲಿ ಡ್ರಮ್ ಬೇಕಿತ್ತು. ನೀರು ತುಂಬುವುದು, ಡ್ರಮ್ ತೊಳೆಯುವುದು ನಮ್ಮ ಯಜಮಾನರ ಕೆಲಸ. ಅವರು ನಾಲ್ಕು ಸಣ್ಣವೇ ಸಾಕು ಎಂದರು. ನಾನು ಎರಡು ದಿನ ಮಾತು ಬಿಟ್ಟೆ. ಆದರೆ ಗೆದ್ದದ್ದು ಅವರೇ, ಗೆಲ್ಲಬೇಕಾದ್ದೂ ಅವರೇ. ದೊಡ್ಡ ಡ್ರಮ್ಮನ್ನು ಬೋರಲು ಹಾಕಿ ತೊಳೆಯಲು ಇಬ್ಬರು ಗಂಡಸರು ಬೇಕು, ಹಾಗಾಗಿ ಯಾರೂ ತೊಳೆಯುವುದಿಲ್ಲ. ಸಣ್ಣದನ್ನು ಒಬ್ಬರೇ ತೊಳೆಯಬಹುದು. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ಶುದ್ಧ ನೀರಿನಲ್ಲೇ ಬೆಳೆಯುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಆಗಲಿಲ್ಲ, ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ಬಿದ್ದ ಕೂಡಲೇ ಮರಿಯಾಗುತ್ತದೆ. ವಾರಕ್ಕೊಮ್ಮೆ ಬ್ರಶ್ ಹಾಕಿ ಉಜ್ಜಿ, ಒಣಗಿಸಿ, ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಿಡಬೇಕು.

ಈಗ ಜಗಳ ಹುಟ್ಟುವ ಜಾಗ, ಅಂದರೆ ದುಡ್ಡು. ಸಾಲ ಕೇಳಿಕೊಂಡು ನೆಂಟರು ಬರುತ್ತಾರೆ. ಮೈದುನ ಬರುತ್ತಾನೆ, ನಮ್ಮ ತಮ್ಮನೂ ಬರುತ್ತಾನೆ. ಕೊಡುವುದೋ ಬಿಡುವುದೋ ಇಬ್ಬರೂ ಕೂತು ಮಾತಾಡಿ. ಬಂದವರ ಎದುರಿಗೆ ಬೇಡ, ಒಂದು ರಾತ್ರಿ ದಾಟಲಿ. ಆಮೇಲೆ ಹೇಳುವ ಕೆಲಸ ಹಂಚಿಕೊಳ್ಳಿ. ಅವರ ಕಡೆಯವರಿಗೆ ‘ಇಲ್ಲ’ ಎನ್ನುವುದು ಅವರ ಕೆಲಸ, ನನ್ನ ಕಡೆಯವರಿಗೆ ನನ್ನದು. ಮೊದಲು ನಮ್ಮಲ್ಲಿ ಹೀಗಿರಲಿಲ್ಲ. ಯಜಮಾನರು ಅವರ ಅಕ್ಕನಿಗೆ, “ಆಕೀ ಬ್ಯಾಡ ಅಂತಾಳ” ಅಂದುಬಿಟ್ಟರು. ಆ ಒಂದು ಮಾತು ನಾಲ್ಕು ವರ್ಷ ನನ್ನ ಬೆನ್ನಿಗೆ ಅಂಟಿತ್ತು. ಯಾವ ಮದುವೆಗೆ ಹೋದರೂ ನಾನೇ ಗಟ್ಟಿಗಿತ್ತಿ. ಗಂಡಸರೇ, ದಯವಿಟ್ಟು ಈ ಕೆಲಸ ಮಾಡಬೇಡಿ.

ದುಡ್ಡಿನ ಮಾತು ಬಂತಲ್ಲ, ಇವತ್ತೇ ಬ್ಯಾಂಕಿನ ಪಾಸ್‌ಬುಕ್ ತೆಗೆದು ನಾಮಿನಿ ಯಾರು ಎಂದು ನೋಡಿ. ಮದುವೆಗೆ ಮೊದಲು ಖಾತೆ ತೆಗೆದವರು ತಾಯಿಯ ಹೆಸರು ಹಾಕಿರುತ್ತಾರೆ, ಆಮೇಲೆ ಮರೆತೇ ಹೋಗುತ್ತದೆ. ನಮ್ಮ ಓಣಿಯಲ್ಲೇ ಒಬ್ಬಾಕೆ ಗಂಡ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಕಾಗದ ಹಿಡಿದು ಅಲೆದಳು. ನಾಮಿನಿ ಎಂದು ಹೆಸರಿದ್ದ ಅತ್ತೆ ಆಗಲೇ ತೀರಿಕೊಂಡಿದ್ದರು.

ಮಕ್ಕಳ ವಿಷಯದಲ್ಲಿ ನಾನೇ ಈ ನಿಯಮ ಮುರಿದೆ. ಗಂಗೂಬಾಯಿ ಹಾನಗಲ್ಲರು ಇದ್ದ ಊರು, ಆ ಕಡೆ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರು. ಇಲ್ಲಿ ಬೆಳೆದ ಹುಡುಗಿಗೆ ಹಾಡು ಬರದಿದ್ದರೆ ಹೇಗೆ ಎಂದು ಮಗಳನ್ನು ಸಂಗೀತಕ್ಕೆ ಹಾಕಿದೆ. ಮೂರು ವರ್ಷ ಎಳೆದುಕೊಂಡು ಹೋದೆ. ಅವಳು ತಂಬೂರಿ ಮುಂದೆ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಒಂದು ದಿನ, “ಅವ್ವಾ, ನಿನಗ ಹಾಡಬೇಕು ಅನಸಿದ್ರ ನೀನ ಕಲಿ” ಅಂದಳು. ಸಿಟ್ಟು ಬಂತು, ಕೆನ್ನೆಗೆ ಒಂದು ಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಅವಳು ಹೇಳಿದ್ದು ನಮ್ಮ ಅತ್ತೆ ಹೇಳಿದ ಮಾತೇ. ಸಾಧನೆ ಮಾಡುವ ಗಂಟಲು ಅವಳದ್ದು. ಮಾರನೇ ವಾರ ಬಿಡಿಸಿದೆ. ಹೊಡೆದದ್ದಕ್ಕೆ ತಪ್ಪಾಯ್ತು ಎಂದು ಹೇಳಲು ಮಾತ್ರ ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಸಣ್ಣ ಮಕ್ಕಳಿಗೆ ಹೀಗೆ ಪೂರ್ತಿ ಬಿಟ್ಟುಕೊಡಲು ಆಗುವುದಿಲ್ಲ. ‘ಏನು ತಿಂತೀ?’ ಎಂದು ಕೇಳಿದರೆ ಬೇಕರಿ ಹೆಸರು ಬರುತ್ತದೆ. ‘ಅವಲಕ್ಕಿಯೋ, ದೋಸೆಯೋ?’ ಎಂದು ಕೇಳಿ. ಎರಡೂ ನಿಮಗೆ ಒಪ್ಪಿಗೆ ಇರುವಂಥದ್ದೇ ಆಗಿರಲಿ, ಆರಿಸಿದ ಖುಷಿ ಅವರದ್ದು. ಆರಿಸಿದ ಮೇಲೆ ಬದಲಾಯಿಸುವಂತಿಲ್ಲ, ಅವರೂ ಅಷ್ಟೇ, ನೀವೂ ಅಷ್ಟೇ. ಹತ್ತನೆಯ ತರಗತಿ ಮುಗಿಸಿದ ಮೊಮ್ಮಗ ಕಾಮರ್ಸ್ ಅಂದಾಗ ಮನೆಯಲ್ಲಿ ದೊಡ್ಡ ಗದ್ದಲ. ಓದುವವನು ಅವನು ಎಂದು ನಾನು ಅಷ್ಟೇ ಹೇಳಿ ಒಳಗೆ ಹೋದೆ.

ಎಲ್ಲಿ ಈ ನಿಯಮ ನಡೆಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ಹೆಲ್ಮೆಟ್, ಡಾಕ್ಟರು ಬರೆದ ಗುಳಿಗೆ, ಗ್ಯಾಸ್. ಇದರಲ್ಲಿ ಯಾರ ಇಷ್ಟವನ್ನೂ ಕೇಳುವುದಿಲ್ಲ. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಲೂ ಬಾರದು, ತೆಗೆಯಲೂ ಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಮೊಮ್ಮಕ್ಕಳಿಗೆ ಈ ನಂಬರ್ ಬಾಯಿಪಾಠ ಮಾಡಿಸಿದ್ದೇನೆ.

ಇನ್ನೊಂದು ಮೋಸವೂ ಇದೆ. ‘ಮಾಡೋಳು ನೀನು, ನೀನೇ ನೋಡ್ಕೋ’ ಎಂದು ಎಲ್ಲವನ್ನೂ ಹೆಂಗಸರ ತಲೆಗೆ ಕಟ್ಟುವ ಗಂಡಸರು ಬಹಳ ಜನ. ಯೋಚನೆ ಮಾಡುವುದೂ ಒಂದು ಕೆಲಸವೇ, ಅದಕ್ಕೂ ಸುಸ್ತಾಗುತ್ತದೆ. ನನ್ನ ಮಗ ಹಾಗೆ ಅಂದ ದಿನ ಬುಧವಾರ, ಭಾನುವಾರ ಎರಡು ದಿನ ಅವನ ಪಾಲಿಗೆ ಹಾಕಿದೆ. ಏನು ಅಂತ ಯೋಚಿಸಬೇಕು, ದುರ್ಗದಬೈಲಿಗೆ ಹೋಗಿ ತರಬೇಕು, ಮಾಡಬೇಕು, ಪಾತ್ರೆಯನ್ನೂ ಅವನೇ ತೊಳೆಯಬೇಕು. ಮೊದಲ ತಿಂಗಳು ಬರೀ ಗಿರಮಿಟ್ ತಿಂದೆವು. ಈಗ ಜುಣಕ ಚೆನ್ನಾಗಿ ಮಾಡುತ್ತಾನೆ, ಸ್ವಲ್ಪ ಎಣ್ಣೆ ಜಾಸ್ತಿ.

ಸೊಸೆಯ ತವರು ರಾಣೆಬೆನ್ನೂರು. ಪಂಚಮಿಗೆ ಅವಳು ತವರಿಗೆ ಹೋಗುವುದು ಎಂದರೆ ಹೋಗುವುದು, ಅದರಲ್ಲಿ ಕೇಳುವ ಮಾತಿಲ್ಲ. ಎಂದು ಹೊರಡುವುದು, ಎಂದು ಬರುವುದು ಎಂದು ಕಾರಹುಣ್ಣಿಮೆ ಹೊತ್ತಿಗೇ ಅವಳೇ ಹೇಳಿಬಿಡುತ್ತಾಳೆ. ಹಬ್ಬ ಎದುರಿಗೆ ಬಂದು ನಿಂತಾಗ ಕೇಳಿದರೆ ಎಲ್ಲರಿಗೂ ಏನೋ ಒಂದು ಕೆಲಸ ನೆನಪಾಗುತ್ತದೆ. ನಾನು ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಕೊಡುತ್ತೇನೆ, ಬರುವಾಗ ಅವಳ ಅವ್ವ ಎಳ್ಳುಂಡಿ, ತಂಬಿಟ್ಟು ಕಳಿಸುತ್ತಾರೆ. ಬೆಲ್ಲದ ಪಾಕ ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡುವುದನ್ನು ಮರೆಯಬೇಡಿ. ಪಾಕ ಏರಿದರೆ ಉಂಡಿ ಕಲ್ಲಾಗುತ್ತದೆ, ನನ್ನ ವಯಸ್ಸಿನವರ ಹಲ್ಲಿಗೆ ಅದು ಆಗುವುದಿಲ್ಲ.

ಎರಡು ವರ್ಷದಿಂದ ನನ್ನ ಮೊಣಕಾಲು, ಮೊಣಕೈ ಎರಡೂ ಕೈಕೊಟ್ಟಿವೆ. ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದೇನೆ. ಸೊಸೆ ಕೆಲಸಕ್ಕೆ ಹೋಗುವವಳು. ಕಳೆದ ಶ್ರಾವಣದಲ್ಲಿ ಒಂದು ಸಂಜೆ ರೊಟ್ಟಿ ಅಂಗಡಿಯಿಂದ ಇಪ್ಪತ್ತು ರೊಟ್ಟಿ ಕಟ್ಟಿಸಿಕೊಂಡು ಬಂದಳು. ನಮ್ಮ ಮನೆಗೆ ಹೊರಗಿನ ರೊಟ್ಟಿ! ಬಾಯಿ ತುದಿಗೆ ಮಾತು ಬಂದಿತ್ತು. ಯಜಮಾನರು ನನ್ನ ಮುಖ ನೋಡಿ ಮೀಸೆಯಲ್ಲೇ ನಗುತ್ತಿದ್ದರು. ನುಂಗಿಕೊಂಡೆ. ತಟ್ಟೆಗೆ ಹಾಕಿಸಿಕೊಂಡು ಬೆಂಡಿಕಾಯಿ ಪಲ್ಯದ ಜೊತೆ ಉಂಡೆ.

“ಹೆಂಗ ಅದಾವ್ರಿ ಅತ್ತಿ?” ಎಂದು ಕೇಳಿದಳು.

“ಅಂಚು ಸ್ವಲ್ಪ ದಪ್ಪ ಆಗ್ಯಾವ” ಅಂದೆ.

“ಅವ್ರಿಗೆ ಹೇಳ್ತೀನ್ರಿ” ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅದನ್ನೂ ಉಂಡೆ.