ಬಡಾದೇವನ ಕಾಗೆ ನನ್ನ ಹಾಳೆಗೆ ಬಂದದ್ದು

ಮಧ್ಯಪ್ರದೇಶದ ಗೊಂಡ ಬುಡಕಟ್ಟಿನವರ ಚಿತ್ರಕಲೆಯಾದ ಗೊಂಡ ಚಿತ್ರ ಕಲಿಯಲು ಶುರುಮಾಡಿದಾಗ ನಾನು ಮೊದಲು ಬರೆದದ್ದು ನವಿಲು. ಹೊಸಬರು ಹೆಚ್ಚಾಗಿ ಅದಕ್ಕೇ ಕೈಹಾಕುತ್ತಾರೆ. ಬಾಲದ ತುದಿಯಲ್ಲೇ ಚಿಗುರುವ ಕೊಂಬೆ, ಮೈತುಂಬ ಚುಕ್ಕಿ. ಮೂರು ದಿನ ಕೂತು ಮುಗಿಸಿ, ಭೋಪಾಲದಲ್ಲಿ ನನಗೆ ಕಲಿಸುತ್ತಿದ್ದ ಗೊಂಡರ ಹಾಡುಗಾರ ಪಂಗಡವಾದ ಪರಧಾನರ ಹೆಣ್ಣುಮಗಳ ಮುಂದೆ ಇಟ್ಟೆ. ಅವರನ್ನು ದೀದಿ ಎನ್ನುತ್ತಿದ್ದೆ. ಅವರು ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. “ಇದು ಎಲ್ಲಿಗೆ ಹೊರಟಿದೆ? ಯಾರು ಕಳಿಸಿದ್ದು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ಸಂಜೆ ಅವರು ಕಾಗೆಯ ಕಥೆ ಹೇಳಿದರು.

ಮೊದಲು ಎಲ್ಲೆಲ್ಲೂ ನೀರು. ಗೊಂಡರ ದೊಡ್ಡ ದೇವರು ಬಡಾದೇವ ತನ್ನ ಮೈಯ ಕೊಳೆ ತಿಕ್ಕಿ ತೆಗೆದು ಕಾಗೆ ಮಾಡಿ, ಮಣ್ಣು ಹುಡುಕಿಕೊಂಡು ಬಾ ಎಂದು ಕಳಿಸುತ್ತಾನೆ. ಹಾರಿ ಹಾರಿ ರೆಕ್ಕೆ ಸೋತ ಕಾಗೆ ನೀರಿನ ಮೇಲೆ ಕಂಡ ಮರದ ಮೋಟಿನ ಮೇಲೆ ಕೂರುತ್ತದೆ. ಅದು ಮೋಟಲ್ಲ, ಏಡಿಯೊಂದು ಮೇಲಕ್ಕೆ ಚಾಚಿದ ಕಾಲು. ಏಡಿ ಪಾತಾಳಕ್ಕಿಳಿದು, ಮಣ್ಣು ನುಂಗಿ ಕೂತಿದ್ದ ಎರೆಹುಳುವನ್ನು ಹಿಡಿದು ಕಕ್ಕಿಸುತ್ತದೆ. ಜೇಡ ನೀರಿನ ಮೇಲೆ ಬಲೆ ನೇಯುತ್ತದೆ, ಅದರ ಮೇಲೆ ಮಣ್ಣು ಹರಡಿ ಭೂಮಿಯಾಗುತ್ತದೆ. ಒಬ್ಬೊಬ್ಬರು ಹೇಳುವಾಗ ಕಥೆ ಒಂದಿಷ್ಟು ಬದಲಾಗುತ್ತದೆ.

ತಿಥಿಯ ದಿನ ಎಡೆ ಇಟ್ಟು, ಕಾಗೆ ಮುಟ್ಟುವವರೆಗೂ ಯಾರೂ ಉಣ್ಣದ ಮನೆಯಲ್ಲಿ ಬೆಳೆದವಳು ನಾನು. ನಮ್ಮಲ್ಲಿ ಕಾಗೆ ಬರುವುದು ಸತ್ತವರ ಪರವಾಗಿ. ಇಲ್ಲಿಯ ಕಾಗೆ ಇನ್ನೂ ಯಾರೂ ಹುಟ್ಟದಿದ್ದಾಗ ಹಾರಿದ್ದು. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಗೊಂಡರ ಮನೆಗಳಿಗೆ ಹೋಗಿ, ಮೂರು ತಂತಿಯ ಬಾನಾ ನುಡಿಸುತ್ತ ದೇವರ ಕಥೆ, ವಂಶದ ಕಥೆ ಹಾಡುವುದು ಪರಧಾನರ ಕಸುಬು. ಬಡಾದೇವ ಇರುವುದು ಸಾಜಾ ಮರದಲ್ಲಿ. ನಮ್ಮ ಮತ್ತಿ ಮರವೇ ಅದು. ಹಾಡಿನಲ್ಲಿದ್ದದ್ದನ್ನು ಕಾಗದಕ್ಕೆ ತಂದವರು ಪಾಟನ್‌ಗಢ ಹಳ್ಳಿಯ ಜನಗಢ ಸಿಂಗ್ ಶ್ಯಾಮ್. 1981ರಲ್ಲಿ ಭೋಪಾಲದ ಕಲಾಕೇಂದ್ರ ಭಾರತ ಭವನಕ್ಕಾಗಿ ಹಳ್ಳಿ ಸುತ್ತುತ್ತಿದ್ದ ಚಿತ್ರಕಾರ ಜೆ. ಸ್ವಾಮಿನಾಥನ್ ಅವರ ತಂಡದ ಕಣ್ಣಿಗೆ ಇವರು ಬರೆದ ಗೋಡೆಚಿತ್ರ ಬಿತ್ತು. ಹಾಗಾಗಿ ಈ ಚಿತ್ರಗಳಲ್ಲಿ ಹಕ್ಕಿ ಕಂಡರೆ ಅದರ ಹಿಂದೆ ಒಂದು ಹಾಡೋ ಒಂದು ಕೆಲಸವೋ ಇದೆಯೇ ಎಂದು ಹುಡುಕುತ್ತೇನೆ. ಲಂಡನ್ನಿನ ರೆಸ್ಟೊರೆಂಟೊಂದರ ಗೋಡೆಗೆ ಚಿತ್ರ ಬರೆಯಲು ಹೋಗಿದ್ದ ಗೊಂಡ ಕಲಾವಿದ ಭಜ್ಜು ಶ್ಯಾಮ್, ಅಲ್ಲಿನ ಬಿಗ್ ಬೆನ್ ಗಡಿಯಾರವನ್ನೂ ಹುಂಜವನ್ನೂ ಒಂದೇ ಚಿತ್ರದಲ್ಲಿ ಬೆಸೆದರು. ಅವರ ಊರಲ್ಲಿ ಹೊತ್ತು ಹೇಳುವುದು ಹುಂಜ ತಾನೆ!

ಇನ್ನು ನನ್ನ ಕಾಗೆ. ಕಪ್ಪಿಗೆ ನೀಲಿ ಬೆರೆಸಿ, ಅಕ್ರಿಲಿಕ್ಕನ್ನು ತೆಳ್ಳಗೆ ಎರಡು ಸಲ ಬಳಿದೆ. ಮೊದಲ ಕೋಟು ಪೂರ್ತಿ ಒಣಗದೆ ಎರಡನೆಯದು ಬಳಿದರೆ ಬ್ರಷ್ಷಿನ ಗೀರು ಏಳುತ್ತದೆ, ಮುಂದೆ ಅದರ ಮೇಲೆ ಸಣ್ಣ ಗೆರೆ ನಿಲ್ಲುವುದಿಲ್ಲ. ಕಷ್ಟವಿದ್ದದ್ದು ಮೈ ತುಂಬುವುದರಲ್ಲಿ. ಈ ಕಲಾವಿದರಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಗುರುತಿನ ಗೆರೆ ಇರುತ್ತದೆ, ಸಹಿ ಇದ್ದ ಹಾಗೆ. ದೀದಿಯದು ಭತ್ತದ ಕಾಳಿನಂಥ ಸಣ್ಣ ಗೀರು. ನಾನು ಅದನ್ನೇ ಹಾಕತೊಡಗಿದಾಗ ಮೆಲ್ಲಗೆ ನನ್ನ ಕೈ ಹಿಡಿದರು. “ಇದು ನಮ್ಮ ಹೊಲದ್ದು. ನಿಮ್ಮ ಹೊಲದಲ್ಲಿ ಏನಿದೆ?”

ನಮ್ಮದು ಚಿಂತಾಮಣಿ ಕಡೆ. ರಾಗಿ ಹೊಲ. ಕೂರಿಗೆಯಲ್ಲಿ ಬಿತ್ತಿದ ರಾಗಿಯ ಒತ್ತು ಸಾಲುಗಳು, ನಡುನಡುವೆ ಅವರೆಯದೋ ತೊಗರಿಯದೋ ಅಕ್ಕಡಿ ಸಾಲು. ಚಿಕ್ಕಂದಿನಿಂದ ನೋಡಿದ್ದು. ಕಾಗೆಯ ಕತ್ತಿನಿಂದ ಶುರುಮಾಡಿ ತೆಳುವಾದ ಹಳದಿ ಗೆರೆ ಎಂಟು, ಆಮೇಲೆ ಒಂದು ಸಾಲು ಬಿಳಿ ಚುಕ್ಕಿ, ಮತ್ತೆ ಎಂಟು ಗೆರೆ. ಸೊನ್ನೆ ನಂಬರಿನ ಬ್ರಷ್, ಹಾಲಿನಷ್ಟು ತೆಳುವಾದ ಬಣ್ಣ. ಮೊದಲ ಹಾಳೆ ಕೆಟ್ಟಿತು. ಗೆರೆಗಳನ್ನು ನೇರ ಎಳೆದುಬಿಟ್ಟಿದ್ದೆ, ಕಾಗೆ ಚಾಪೆಯಂತೆ ಮಲಗಿತ್ತು. ದಿಣ್ಣೆಯ ಹೊಲದಲ್ಲಿ ಸಾಲು ನೇರ ಹೋಗುವುದಿಲ್ಲ, ಇಳಿಜಾರಿಗೆ ಅಡ್ಡಲಾಗಿ ಬಳಸಿಕೊಂಡು ಹೋಗುತ್ತದೆ. ಹಾಗೆ ಎದೆಯ ಉಬ್ಬನ್ನು ಬಳಸಿ, ರೆಕ್ಕೆಯ ಬುಡದಲ್ಲಿ ಒತ್ತಾಗಿ, ತುದಿಗೆ ಹೋಗುತ್ತ ವಿರಳವಾಗಿ ಎಳೆದೆ. ಹಾಳೆ ತಿರುಗಿಸುತ್ತ, ಕೈಯನ್ನು ಇದ್ದಲ್ಲೇ ಇಟ್ಟು. ಹನ್ನೊಂದು ದಿನ ಹಿಡಿಯಿತು. ಕೊನೆಯ ದಿನ ಕಾಗೆ ಹಾಳೆಯಿಂದ ಎದ್ದಂತೆ ಕಂಡಾಗ ಕಣ್ಣು ತುಂಬಿ ಬಂತು.

ಇದನ್ನು ನಾನು ಗೊಂಡ ಚಿತ್ರ ಎಂದು ಕರೆಯುವುದಿಲ್ಲ, ಮಾರುವುದೂ ಇಲ್ಲ. ಆ ಹೆಸರಿಗೆ 2023ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಜಿಐ ಟ್ಯಾಗ್‌ನ, ಮಾನ್ಯತೆ ಸಿಕ್ಕಿದೆ. ಅದಿಲ್ಲದಿದ್ದರೂ ಆ ಹೆಸರು ಹಾಡಿದವರ ಮನೆಯದು. ಯಾರಾದರೂ ಕೇಳಿದರೆ, ದೀದಿಯ ಹತ್ತಿರ ಕಲಿತು ಬರೆದದ್ದು ಎನ್ನುತ್ತೇನೆ.

ಊರಿಗೆ ಬಂದ ಮೇಲೆ ಚಿತ್ರದ ಫೋಟೊ ತೆಗೆದು ದೀದಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದರು. ಸಾಲುಗಳು ಹಿಡಿಸಿದವಂತೆ. “ಆದರೆ ಪಾಪ, ಎಷ್ಟು ದೂರ ಹಾರಿ ಬಂದಿದೆ. ಕೂರಲು ಏಡಿ ಎಲ್ಲಿ?” ಎಂದರು. ಕೆಳಗೆ ಜಾಗವೇ ಬಿಟ್ಟಿರಲಿಲ್ಲ. ಈಗ ಅದೇ ಅಳತೆಯ ಇನ್ನೊಂದು ಹಾಳೆಯನ್ನು ಕೆಳಗೆ ಅಂಟಿಸಿ, ನೀರು ಬರೆಯುತ್ತಿದ್ದೇನೆ.