ಒಂದೇ ಜಮೀನು, ಎರಡು ಕಡತ: ವಿಚಾರಣಾ ಪ್ರಾಧಿಕಾರಗಳ ವಿಲೀನದ ಬಗ್ಗೆ ನನ್ನ ಅನುಭವ

ಮಂಡ್ಯ ಜಿಲ್ಲೆಯ ಕಂದಾಯ ನ್ಯಾಯಾಲಯಗಳಲ್ಲಿ ವಕಾಲತ್ತು ವಹಿಸುವ ನನಗೆ, ಸರ್ಕಾರದ ವಿಚಾರಣಾ ಪ್ರಾಧಿಕಾರಗಳನ್ನು, ಎಂದರೆ ನ್ಯಾಯಾಲಯದಂತೆ ತಕರಾರು ಆಲಿಸಿ ಆದೇಶ ನೀಡುವ ಇಲಾಖಾ ಅಧಿಕಾರಿಗಳನ್ನು ಮತ್ತು ಮಂಡಳಿಗಳನ್ನು, ಒಗ್ಗೂಡಿಸಬೇಕೇ ಎಂಬ ಪ್ರಶ್ನೆ ಕಡತಗಳ ಮೂಲಕವೇ ಎದುರಾಯಿತು. ಖಾತೆ ಬದಲಾವಣೆಯ ಮೇಲ್ಮನವಿ 1964ರ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಬರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು (ಮಾರಾಟ ಮುಂತಾದ ವರ್ಗಾವಣೆಯನ್ನು) ಪ್ರಶ್ನಿಸುವ, 1978ರ ಪಿ.ಟಿ.ಸಿ.ಎಲ್. (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯ ಪ್ರಕರಣವೂ ಅವರ ಮುಂದೆಯೇ. ಗೇಣಿ ಜಮೀನಿನ ಹಕ್ಕನ್ನು ತೀರ್ಮಾನಿಸುವ ಭೂನ್ಯಾಯಮಂಡಳಿಗೂ ಅವರೇ ಅಧ್ಯಕ್ಷರು. ಆದರೆ ಕಡತಗಳು ಕಚೇರಿಯ ಬೇರೆ ಬೇರೆ ವಿಷಯ ನಿರ್ವಾಹಕರ (ಕಡತ ನೋಡಿಕೊಳ್ಳುವ ಸಿಬ್ಬಂದಿಯ) ಬಳಿ ಇರುತ್ತವೆ.

ನಮ್ಮ ಜಿಲ್ಲೆಯ ಕುಟುಂಬವೊಂದಕ್ಕೆ ಒಂದೇ ಸರ್ವೆ ನಂಬರಿನ ಮೇಲೆ ಹೀಗೆ ಎರಡು ಪ್ರಕರಣಗಳಿದ್ದವು. ಖಾತೆಯ ಕಡತದಲ್ಲಿದ್ದದ್ದು ಕ್ರಯಪತ್ರ ಮತ್ತು ಮಾಲೀಕರನ್ನು ತೋರಿಸುವ 9ನೇ ಕಾಲಂನಲ್ಲಿ ಖರೀದಿದಾರರ ಹೆಸರಿದ್ದ ಪಹಣಿ ಮಾತ್ರ. ಜಮೀನನ್ನು ಪರಭಾರೆ ಮಾಡಬಾರದೆಂಬ ಷರತ್ತು ನಮೂದಾಗಿದ್ದ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ಇನ್ನೊಂದು ಕಡತದಲ್ಲಿತ್ತು. ಮೊದಲನೆಯದನ್ನಷ್ಟೇ ಓದಿದವರಿಗೆ ಖರೀದಿದಾರರ ಹಕ್ಕಿನಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ. ಆದ್ದರಿಂದ, ಮಂಜೂರಾತಿಯಿಂದ ಈವರೆಗಿನ ವಿವರಗಳನ್ನು ದಿನಾಂಕವಾರು ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಆಧಾರ ದಾಖಲೆ ಯಾವ ಕಡತದ ಎಷ್ಟನೇ ಪುಟದಲ್ಲಿದೆ ಎಂದು ನಮೂದಿಸಿ, ಎರಡನ್ನೂ ಒಂದೇ ವಾಯಿದೆಗೆ ಕರೆಯಬೇಕೆಂದು ಮೆಮೊ ಸಲ್ಲಿಸಿದೆ. ಎದುರು ಪಕ್ಷದ ವಕೀಲರು ಆಕ್ಷೇಪಿಸಲಿಲ್ಲ. ಒಟ್ಟಿಗೇ ವಾದ ನಡೆಯಿತು. ಪಿ.ಟಿ.ಸಿ.ಎಲ್. ಪ್ರಕರಣ ಇತ್ಯರ್ಥವಾಗುವವರೆಗೆ ಖಾತೆಯ ವಿಷಯವನ್ನು ತೀರ್ಮಾನಿಸಬಾರದೆಂಬ ನನ್ನ ಮನವಿಯೂ ಪುರಸ್ಕೃತವಾಯಿತು.

ಇದು ಕಾನೂನು ಕೊಟ್ಟ ವ್ಯವಸ್ಥೆಯಲ್ಲ, ಅಧಿಕಾರಿಯ ಸೌಜನ್ಯದಿಂದ ಸಾಧ್ಯವಾದದ್ದು ಎಂಬುದೇ ನನ್ನ ಚಿಂತೆ. ಚುನಾವಣೆ ಬಂದರೆ, ಕಾವೇರಿಯಲ್ಲಿ ಪ್ರವಾಹ ಬಂದರೆ ಉಪವಿಭಾಗಾಧಿಕಾರಿ ಅಲ್ಲಿರಲೇಬೇಕು. ರೈತ ವಾಯಿದೆ ಬರೆದುಕೊಂಡು ಊರಿಗೆ ಮರಳುತ್ತಾನೆ. ಅದಲ್ಲದೆ, ಯಾವ ತಹಶೀಲ್ದಾರರ ಕೆಲಸವನ್ನು ಉಪವಿಭಾಗಾಧಿಕಾರಿ ದಿನವೂ ಮೇಲ್ವಿಚಾರಣೆ ಮಾಡುತ್ತಾರೋ ಆ ತಹಶೀಲ್ದಾರರ ಆದೇಶದ ಮೇಲಿನ ದೂರನ್ನೇ ಉಪವಿಭಾಗಾಧಿಕಾರಿ ಆಲಿಸಬೇಕಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1945ರಲ್ಲಿಯೇ ಇಲಾಖೆಗಳಿಂದ ಪ್ರತ್ಯೇಕವಾದ ವಿಚಾರಣಾಧಿಕಾರಿಗಳ ಕೇಂದ್ರ ಕಚೇರಿಯನ್ನು ಸ್ಥಾಪಿಸಿತು. ನಮಗೂ ವಿಚಾರಣೆಯೊಂದನ್ನೇ ಮಾಡುವ, ಒಂದೇ ಸಂಸ್ಥೆಯ ಅಧಿಕಾರಿಗಳು ಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

ಕಂದಾಯದ ಅನುಭವವಿಲ್ಲದವರು ಜಮೀನಿನ ವಿಷಯ ತೀರ್ಮಾನಿಸಲಾರರು ಎಂಬ ಆಕ್ಷೇಪದಲ್ಲಿ ಹುರುಳಿದೆ. ಟಿಪ್ಪಣಿ, ಆಕಾರಬಂದ್‌ನಂಥ ಸರ್ವೆ ದಾಖಲೆಗಳನ್ನು ಓದಲು ಬಾರದವರನ್ನು ಆ ಪೀಠದಲ್ಲಿ ಕೂರಿಸಬಾರದು. ಇನ್ನೊಂದು ಮಾತು: ವಿಲೀನದ ಹೆಸರಿನಲ್ಲಿ ಪೀಠವನ್ನು ಬೆಂಗಳೂರಿಗೆ ಒಯ್ಯುವುದಾದರೆ ನಾನು ಅದನ್ನು ವಿರೋಧಿಸುತ್ತೇನೆ. ಮಂಡ್ಯ ಮತ್ತು ಪಾಂಡವಪುರ ಉಪವಿಭಾಗಗಳೆರಡರಲ್ಲೂ ನಿಗದಿತ ದಿನಗಳಲ್ಲಿ ಕಲಾಪ ನಡೆಯಬೇಕು, ಒಂದು ಸರ್ವೆ ನಂಬರಿನ ಎಲ್ಲ ಪ್ರಕರಣಗಳೂ ಒಂದೇ ಮೇಜಿಗೆ ಬರಬೇಕು.